ಶುಶ್ರೂಷಕಿಯ ಕಲಿಕೆಗೂ ಹೊತ್ತು ಬೇಕು

ಕಳೆದ ಕಾರ್ತಿಕ ಮಾಸದ ಒಂದು ಬೆಳಗಿನ ಜಾವ. ಇನ್ನೂ ಐದು ಗಂಟೆಯಾಗಿರಲಿಲ್ಲ. ಗಂಗಾನಗರದ ನಮ್ಮ ಮನೆಯ ಕರೆಗಂಟೆ ಬಿಡುವಿಲ್ಲದೆ ಬಾರಿಸಿತು. ನಮ್ಮದೇ ಬೀದಿಯಲ್ಲಿರುವ ನಿವೃತ್ತ ಹಿರಿಯರೊಬ್ಬರನ್ನು ನೋಡಿಕೊಳ್ಳುವ ಶುಶ್ರೂಷಕಿ ಬಾಗಿಲಲ್ಲಿ ನಡುಗುತ್ತ ನಿಂತಿದ್ದರು. ಅಜ್ಜನವರು ಎಷ್ಟು ಕರೆದರೂ ಏಳುತ್ತಿಲ್ಲ, ಮೈಯೆಲ್ಲ ಬೆವರು, ಕೈಕಾಲು ತಣ್ಣಗಾಗಿವೆ ಎಂದರು. ಹೋಗಿ ನೋಡಿದೆ. ಗ್ಲುಕೋಮೀಟರ್ 38 ತೋರಿಸಿತು. ಪ್ರಜ್ಞೆಯಿಲ್ಲದವರ ಬಾಯಿಗೆ ಸಕ್ಕರೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗುವ ಅಪಾಯವಿರುವುದರಿಂದ, 108ಕ್ಕೆ ಕರೆ ಮಾಡಿ ಸಮೀಪದ ಆಸ್ಪತ್ರೆಗೆ ಸಾಗಿಸಿದೆವು. ರಕ್ತನಾಳದ ಮೂಲಕ ಗ್ಲುಕೋಸ್ ಹೋದ ಕೆಲವೇ ನಿಮಿಷಗಳಲ್ಲಿ ಹಿರಿಯರು ಕಣ್ಣು ಬಿಟ್ಟು, ಇಷ್ಟು ಜನ ಏಕೆ ಸೇರಿದ್ದೀರಿ ಎಂದು ಕೇಳಿದರು. ಶಿವನ ಕೃಪೆ, ಅಂದು ಅನಾಹುತ ತಪ್ಪಿತು.

ಆದದ್ದಿಷ್ಟು. ಎರಡು ದಿನಗಳ ಹಿಂದೆ ಅವರು ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಬರುವಾಗ ಇನ್ಸುಲಿನ್ ಬಾಟಲಿ ಬದಲಾಗಿತ್ತು. ಮೊದಲಿನದು ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವಂಥದು, ಹೊಸದು 100 ಯೂನಿಟ್ ಇರುವಂಥದು. ಮನೆಯಲ್ಲಿದ್ದ ಸಿರಿಂಜುಗಳು ಮಾತ್ರ ಹಳೆಯವು, ಕೆಂಪು ಮುಚ್ಚಳದವು. ಅವು 40ರ ಬಾಟಲಿಗೆ ಮೀಸಲು. 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ ಸಿರಿಂಜೇ ಬೇಕು. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದಾಗ ಒಳಗೆ ಬಂದದ್ದು ಅರ್ಧ ಮಿಲಿಲೀಟರ್. ಹಳೆಯ ಬಾಟಲಿಯಾಗಿದ್ದರೆ ಅದು 20 ಯೂನಿಟ್. ಹೊಸದರಲ್ಲಿ ಅದೇ 50 ಯೂನಿಟ್. ರಾತ್ರಿ ಊಟದ ಹೊತ್ತಿಗೆ ಎರಡೂವರೆ ಪಟ್ಟು ಔಷಧ ದೇಹವನ್ನು ಸೇರಿತ್ತು.

ಆ ಶುಶ್ರೂಷಕಿ ಸೋಮಾರಿಯಲ್ಲ, ಅಪ್ರಾಮಾಣಿಕರೂ ಅಲ್ಲ. ಹದಿನೈದು ವರ್ಷಗಳ ಹಿಂದೆ ಜಿ.ಎನ್.ಎಂ. ಮುಗಿಸಿ ನೋಂದಣಿ ಮಾಡಿಸಿಕೊಂಡವರು. ಆ ಮನೆಗೆ ಬಂದ ಮೇಲೆ ಹಿರಿಯರ ಬೆನ್ನಿನಲ್ಲಿ ಒಂದು ಗಾಯವಾಗದಂತೆ ನೋಡಿಕೊಂಡವರು. ಆಸ್ಪತ್ರೆಯ ಜಗಲಿಯಲ್ಲಿ ಕುಳಿತು ಅಳುತ್ತ ಅವರು ಹೇಳಿದ ಮಾತು ನನ್ನನ್ನು ಈ ಲೇಖನಕ್ಕೆ ಹಚ್ಚಿದೆ: "ಡಾಕ್ಟ್ರೇ, ನಾನು ಕೆಲಸ ಮಾಡಿದ ಕಡೆಯೆಲ್ಲ ನಲವತ್ತರ ಬಾಟಲಿಯೇ ಇತ್ತು. ಓದು ಮುಗಿದ ಮೇಲೆ ನನಗೆ ಯಾರೂ ಏನನ್ನೂ ಹೇಳಿಕೊಡಲಿಲ್ಲ." ಹಿಂದಿನ ಸಂಜೆ ನಾನೂ ಆ ಮನೆಗೆ ಹೋಗಿದ್ದೆ. ಹೊಸ ಬಾಟಲಿ ಮೇಜಿನ ಮೇಲೆಯೇ ಇತ್ತು. ನನ್ನ ಕಣ್ಣಿಗೂ ಅದು ಬೀಳಲಿಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಪರಿಚಾರಕನನ್ನು ಆಚಾರ್ಯರು ಉಪಸ್ಥಾತಾ ಎಂದು ಕರೆಯುತ್ತಾರೆ. ಬಳಿಯಲ್ಲಿ ನಿಂತಿರುವವನು ಎಂದರ್ಥ. ವೈದ್ಯ ಬಂದು ಹೋಗುವವನು, ನಿಂತಿರುವವರು ಶುಶ್ರೂಷಕರು. ಈ ಉಪಸ್ಥಾತೃವಿಗೆ ಆಚಾರ್ಯರು ನಾಲ್ಕು ಗುಣಗಳನ್ನು ವಿಧಿಸಿದ್ದಾರೆ. ಉಪಚಾರಜ್ಞತೆ, ದಾಕ್ಷ್ಯ, ಅನುರಾಗ, ಶೌಚ. ಆರೈಕೆಯ ಅರಿವು, ಕೈಯ ಚಾತುರ್ಯ, ಆರೈಕೆ ಮಾಡುವವನಲ್ಲಿ ಪ್ರೀತಿ, ಶುಚಿತ್ವ. ನಲವತ್ತು ವರ್ಷಗಳ ಹಿಂದೆ ಪಾಠವಾಗಿ ಇದನ್ನು ಬಾಯಿಗೆ ತಂದುಕೊಂಡಾಗ ನಾನು ಗಮನಿಸದೇ ಹೋದದ್ದು ಇದರ ಅನುಕ್ರಮವನ್ನು. ಮೊದಲು ಬಂದಿರುವುದು ಅರಿವು. ನಾವು ಶುಶ್ರೂಷಕಿಯನ್ನು ನೇಮಿಸಿಕೊಳ್ಳುವಾಗ ಸಾಮಾನ್ಯವಾಗಿ ಕೊನೆಯ ಎರಡನ್ನು ಮಾತ್ರ ವಿಚಾರಿಸುತ್ತೇವೆ: ಸ್ವಭಾವ ಒಳ್ಳೆಯದೇ, ಶುಚಿಯಾಗಿರುತ್ತಾಳೆಯೇ ಎಂದು. ಅವಳಿಗೆ ಏನು ಗೊತ್ತು, ಕೊನೆಯ ಬಾರಿ ಹೊಸದಾಗಿ ಏನು ಕಲಿತಳು ಎಂದು ಕೇಳುವ ರೂಢಿ ನಮಗಿಲ್ಲ. ಅದೇ ಗ್ರಂಥದ ಹದಿನೈದನೆಯ ಅಧ್ಯಾಯದಲ್ಲಿ ವಮನ ವಿರೇಚನಗಳಿಗೆ ಮುನ್ನ ಸಿದ್ಧಪಡಿಸಬೇಕಾದ ಆತುರಾಲಯದ ವರ್ಣನೆಯಿದೆ. ಅಲ್ಲಿ ಅಡುಗೆ ಬಲ್ಲವರು, ಸ್ನಾನ ಮಾಡಿಸಬಲ್ಲವರು, ರೋಗಿಯನ್ನು ಎತ್ತಿ ಕೂರಿಸಬಲ್ಲವರು, ಔಷಧ ಅರೆಯಬಲ್ಲವರು ಬೇರೆ ಬೇರೆಯಾಗಿ ಬೇಕೆಂದಿದೆ. ಎತ್ತಿ ಕೂರಿಸುವುದೂ ಕಲಿತು ಮಾಡುವ ಕೆಲಸವೆಂದು ಆ ಕಾಲಕ್ಕೇ ತಿಳಿದಿತ್ತು.

ಅರಿವು ಒಮ್ಮೆ ಗಳಿಸಿದರೆ ಮುಗಿಯಿತು ಎಂದುಕೊಳ್ಳುವುದರ ಫಲವನ್ನು ನಾನು ನನ್ನ ಕೈಯಿಂದಲೇ ಕಂಡಿದ್ದೇನೆ. ಬಹಳ ವರ್ಷಗಳ ಹಿಂದೆ ಪಕ್ಷಾಘಾತದಿಂದ ಹಾಸಿಗೆ ಹಿಡಿದಿದ್ದ ಒಬ್ಬ ತಾಯಿಗೆ ನಾನು ಅಭ್ಯಂಗವನ್ನು ಸೂಚಿಸಿದ್ದೆ. ಸೊಂಟದ ಕೆಳಭಾಗ ಕೆಂಪಾಗಿದೆಯೆಂದು ಮನೆಯವರು ಹೇಳಿದಾಗ, ಅಲ್ಲಿಗೆ ಇನ್ನಷ್ಟು ಒತ್ತಿ ಎಣ್ಣೆ ತಿಕ್ಕಿರಿ, ರಕ್ತಸಂಚಾರವಾಗಲಿ ಎಂದೆ. ಆಗ ಆ ಮನೆಗೆ ಹಗಲು ಪಾಳಿಗೆ ಬರುತ್ತಿದ್ದ ಎಳೆಯ ಶುಶ್ರೂಷಕಿ ಮೆಲ್ಲಗೆ, ಕೆಂಪಾದ ಜಾಗವನ್ನು ತಿಕ್ಕಬಾರದಂತೆ ಸಾರ್, ನಮಗೆ ತರಬೇತಿಯಲ್ಲಿ ಹೇಳಿದರು ಎಂದಳು. ನನಗೆ ಕೋಪ ಬಂತು. ಅಭ್ಯಂಗದ ವಿಷಯವನ್ನು ನನಗೆ ಹೇಳಿಕೊಡುವೆಯಾ ಎಂದುಬಿಟ್ಟೆ. ಅವಳು ಸುಮ್ಮನಾದಳು. ಹತ್ತು ದಿನಗಳಲ್ಲಿ ಅಲ್ಲಿ ಚರ್ಮ ಒಡೆದು ವ್ರಣವಾಯಿತು. ಮಾಯಲು ಐದು ತಿಂಗಳು ಹಿಡಿಯಿತು. ಅವಳು ಹೇಳಿದ್ದೇ ಸರಿ. ಮೂಳೆ ಚಾಚಿರುವ ಜಾಗದಲ್ಲಿ ಚರ್ಮ ಕೆಂಪಾಗಿದೆಯೆಂದರೆ ಒಳಗಿನ ಅಂಗಾಂಶಕ್ಕೆ ರಕ್ತ ಸಾಲದೆ ಅದಾಗಲೇ ನೊಂದಿದೆ ಎಂದರ್ಥ. ತಿಕ್ಕಿದರೆ ಆ ನೋವು ಹೆಚ್ಚುತ್ತದೆ. ಒಂದು ಕಾಲದಲ್ಲಿ ನರ್ಸಿಂಗ್ ಶಾಲೆಗಳಲ್ಲಿಯೇ ಸ್ಪಿರಿಟ್ ಮತ್ತು ಪೌಡರ್ ಹಾಕಿ ಬೆನ್ನು ತಿಕ್ಕುವುದನ್ನು, ಉಂಗುರದಂಥ ರಬ್ಬರ್ ದಿಂಬು ಇಡುವುದನ್ನು ಕಲಿಸುತ್ತಿದ್ದರು. ಇಂದಿನ ಮಾರ್ಗಸೂಚಿಗಳು ಎರಡನ್ನೂ ಬೇಡವೆನ್ನುತ್ತವೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಒದ್ದೆಯಾಗದಂತೆ ನೋಡಿಕೊಳ್ಳುವುದು, ಒತ್ತಡವನ್ನು ಹಂಚುವ ಹಾಸಿಗೆ, ಸಾಕಷ್ಟು ಆಹಾರ, ಇವೇ ಕಾಪಾಡುವಂಥವು. ಉಳಿದ ಮೈಗೆ ಅಭ್ಯಂಗ ಒಳ್ಳೆಯದೆಂಬ ನನ್ನ ನಂಬಿಕೆ ಇಂದಿಗೂ ಹಾಗೆಯೇ ಇದೆ. ಕೆಂಪಾದ ಜಾಗವನ್ನು ಬಿಟ್ಟು. ಆ ಹುಡುಗಿಯಿಂದ ನಾನು ಕ್ಷಮೆ ಕೇಳುವಷ್ಟರಲ್ಲಿ ಅವಳು ಬೇರೆ ಊರಿಗೆ ಹೋಗಿಯಾಗಿತ್ತು.

ಇಂಥ ಬದಲಾವಣೆಗಳು ಒಂದೆರಡಲ್ಲ. ಹೃದಯ ನಿಂತವರಿಗೆ ಎದೆ ಒತ್ತಿ ಜೀವ ಉಳಿಸುವ ವಿಧಾನವನ್ನೇ ನೋಡಿ. 1990ರ ದಶಕದಲ್ಲಿ ಓದಿದವರು ಮೊದಲು ಶ್ವಾಸಮಾರ್ಗ, ಆಮೇಲೆ ಉಸಿರು, ಅನಂತರ ಎದೆಯ ಒತ್ತುವಿಕೆ ಎಂಬ ಕ್ರಮವನ್ನು ಕಲಿತಿದ್ದರು. 2005ರಲ್ಲಿ 30 ಬಾರಿ ಒತ್ತಿ 2 ಬಾರಿ ಉಸಿರು ಕೊಡುವ ಪ್ರಮಾಣ ಬಂತು. 2010ರಲ್ಲಿ ಕ್ರಮವೇ ತಿರುಗಿ, ಒತ್ತುವುದು ಮೊದಲಾಯಿತು. 2015ರಲ್ಲಿ ನಿಮಿಷಕ್ಕೆ 100ರಿಂದ 120 ಬಾರಿ, ವಯಸ್ಕರಲ್ಲಿ 5 ಸೆಂಟಿಮೀಟರಿಗೆ ಕಡಿಮೆಯಿಲ್ಲದ, 6 ಮೀರದ ಆಳ ಎಂದು ಖಚಿತಪಡಿಸಿದರು. ಈ ಕೌಶಲದ ಪ್ರಮಾಣಪತ್ರದ ಅವಧಿ ಎರಡೇ ವರ್ಷ. ಅಭ್ಯಾಸವಿಲ್ಲದಿದ್ದರೆ ಕೆಲವೇ ತಿಂಗಳುಗಳಲ್ಲಿ ಕೈ ಮರೆಯುತ್ತದೆ. ಹೆರಿಗೆ ಕೋಣೆಯಲ್ಲಿಯೂ ಹೀಗೆಯೇ. ಗರ್ಭಿಣಿಗೆ ಕಡ್ಡಾಯವಾಗಿ ಎನಿಮಾ ಕೊಡುವುದು, ಕೂದಲು ತೆಗೆಯುವುದು ನಿಲ್ಲಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿಯೇ ಹೇಳಿತು. ಮಗು ಹೊರಬಂದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸುವ ರೂಢಿ ಹೋಗಿ, ಒಂದರಿಂದ ಮೂರು ನಿಮಿಷ ಕಾಯಬೇಕೆಂಬ ಸೂಚನೆ ಬಂತು. ಆ ಎರಡು ನಿಮಿಷಗಳಲ್ಲಿ ಮಾಸಿನಲ್ಲಿ (ಜರಾಯುವಿನಲ್ಲಿ) ಉಳಿದ ರಕ್ತ ಮಗುವಿಗೆ ಹರಿದು ರಕ್ತಹೀನತೆ ತಗ್ಗುತ್ತದೆ. ನಮ್ಮ ಹಳೆಯ ಸೂಲಗಿತ್ತಿಯರಲ್ಲಿ ಹಲವರು ಬಳ್ಳಿಯ ಮಿಡಿತ ನಿಲ್ಲುವವರೆಗೆ ಕಾಯುತ್ತಿದ್ದರು ಎಂಬುದು ಇಲ್ಲಿ ನೆನಪಾಗುತ್ತದೆ. ಹೊಸದಾಗಿ ಬಂದದ್ದೆಲ್ಲ ಹೊಸತಲ್ಲ. ಆದರೆ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಯಾರಾದರೂ ಕೂರಿಸಿ ಹೇಳಬೇಕಲ್ಲ.

ಕಾನೂನಿನಲ್ಲಿ ಇದಕ್ಕೆ ಸ್ಥಾನವಿಲ್ಲವೆಂದಲ್ಲ. 1947ರ ಕಾಯ್ದೆಯಂತೆ ಸ್ಥಾಪಿತವಾದ ಭಾರತೀಯ ಶುಶ್ರೂಷಾ ಪರಿಷತ್ತು ಐದು ವರ್ಷಕ್ಕೊಮ್ಮೆ ನೋಂದಣಿಯ ನವೀಕರಣಕ್ಕೆ 150 ಗಂಟೆಗಳ ನಿರಂತರ ಶಿಕ್ಷಣವನ್ನು ವಿಧಿಸಿದೆ. 2023ರಲ್ಲಿ ಸಂಸತ್ತು ಹಳೆಯ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಕಾಯ್ದೆಯನ್ನು ತಂದಿತು. 150 ಗಂಟೆ ಎಂದರೆ ವರ್ಷಕ್ಕೆ 30, ತಿಂಗಳಿಗೆ ಎರಡೂವರೆ ಗಂಟೆ. ಹೇಳುವಾಗ ಏನೂ ಅಲ್ಲವೆನಿಸುತ್ತದೆ. ಆದರೆ ಆ ಎರಡೂವರೆ ಗಂಟೆ ಯಾರ ಗಂಟೆ? ಈ ಪ್ರಶ್ನೆಯೇ ನನಗೆ ಮುಖ್ಯವಾಗಿ ಕಾಣುವುದು.

ನಮ್ಮ ಬಡಾವಣೆಯಿಂದ ಹೆಬ್ಬಾಳದ ಕಡೆಗೂ ಆರ್.ಟಿ. ನಗರದ ಕಡೆಗೂ ಹೋದರೆ ಹತ್ತಿಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಂಗಳು ಅನೇಕ. ಬಳ್ಳಾರಿ ರಸ್ತೆಯಲ್ಲಿ 1973ರಲ್ಲಿ ಆರಂಭವಾದ ಬ್ಯಾಪ್ಟಿಸ್ಟ್ ಆಸ್ಪತ್ರೆಯಂಥ ದೊಡ್ಡ ಸಂಸ್ಥೆಗೆ ತನ್ನದೇ ನರ್ಸಿಂಗ್ ಕಾಲೇಜಿದೆ, ಬೋಧಕರಿದ್ದಾರೆ. ಚಿಕ್ಕ ನರ್ಸಿಂಗ್ ಹೋಂನಲ್ಲಿ ಪಾಳಿಗೆ ಇಬ್ಬರೋ ಮೂವರೋ ಇರುತ್ತಾರೆ. ಅಲ್ಲಿಯ ಶುಶ್ರೂಷಕಿಗೆ ತರಬೇತಿ ಬೇಕಾದರೆ ವಾರಕ್ಕೊಂದು ಸಿಗುವ ರಜೆಯ ದಿನ ಹೋಗಬೇಕು, ಶುಲ್ಕವನ್ನು ತನ್ನ ಸಂಬಳದಿಂದ ಕಟ್ಟಬೇಕು, ಎರಡು ಬಸ್ಸು ಬದಲಿಸಬೇಕು. ಆ ಒಂದು ದಿನ ಅವಳಿಗೆ ಬಟ್ಟೆ ಒಗೆಯುವ ದಿನ, ಮಗುವಿನ ತಲೆ ಬಾಚುವ ದಿನ, ನಿದ್ದೆಯ ದಿನ. ಹೀಗಿರುವಾಗ ಕೆಲವರು ಸಹಿ ಹಾಕಿ, ಚಹಾ ಕುಡಿದು, ಪ್ರಮಾಣಪತ್ರ ಪಡೆದು ಮರಳಿದರೆ ಅವರನ್ನು ದೂಷಿಸಲು ನನಗೆ ಬಾಯಿ ಬಾರದು. ವೈದ್ಯರಾದ ನಮ್ಮ ಕಥೆ ಬೇರೆ. ನಮ್ಮ ನಿರಂತರ ಶಿಕ್ಷಣದ ಸಭೆಗಳು ಎಷ್ಟೋ ಬಾರಿ ಒಳ್ಳೆಯ ಹೋಟೆಲಿನಲ್ಲಿ, ಔಷಧ ಕಂಪನಿಯ ಭೋಜನದೊಂದಿಗೆ ನಡೆಯುತ್ತವೆ. ಊಟದ ಬಗ್ಗೆ ನನಗೆ ಅಸೂಯೆಯಿಲ್ಲ, ನಾನೂ ಉಂಡಿದ್ದೇನೆ. ಆದರೆ ಅಲ್ಲಿಗೆ ಹೋದ ವೈದ್ಯನ ಅಂದಿನ ಸಂಪಾದನೆ ಅವನ ಹಿಡಿತದಲ್ಲಿಯೇ ಇರುತ್ತದೆ, ಅವಳದು ಹಾಗಲ್ಲ.

ನನ್ನ ಅಭಿಪ್ರಾಯ ಸರಳವಾದುದು. ಶುಶ್ರೂಷಕಿಯ ಕಲಿಕೆಯನ್ನು ಅವಳ ಕೆಲಸದ ಹೊತ್ತಿನೊಳಗೆ, ಸಂಬಳದ ಹೊತ್ತಿನೊಳಗೆ ತರಬೇಕು. ಅದು ಅವಳ ಸ್ವಂತ ಉನ್ನತಿಯ ಹವ್ಯಾಸವಲ್ಲ. ಶಸ್ತ್ರಕ್ರಿಯೆಯ ಉಪಕರಣಗಳನ್ನು ಕುದಿಸಿ ಶುದ್ಧಿಗೊಳಿಸಲು ಸಮಯ ಕೊಡುವುದಿಲ್ಲವೆಂದು ಯಾವ ನರ್ಸಿಂಗ್ ಹೋಂ ಮಾಲೀಕರೂ ಹೇಳುವುದಿಲ್ಲ. ಕೈಗಳನ್ನೂ ಅರಿವನ್ನೂ ಶುದ್ಧವಾಗಿಡುವ ಹೊತ್ತನ್ನು ಮಾತ್ರ ಅವಳ ಭಾನುವಾರಕ್ಕೆ ತಳ್ಳಿಬಿಡುತ್ತಾರೆ.

ಈ ಪತ್ರಿಕೆಯ ಓದುಗರಲ್ಲಿ, ಶ್ರೀಮಠದ ಸದ್ಭಕ್ತರಲ್ಲಿ, ಆಸ್ಪತ್ರೆ ನಡೆಸುವವರು ಕೆಲವರಾದರೂ ಇದ್ದೀರಿ. ನಮ್ಮ ಸಮಾಜದ ಮಠಗಳು ಅನ್ನ ಮತ್ತು ಅಕ್ಷರ ಎರಡನ್ನೂ ದಾಸೋಹವೆಂದು ಬಗೆದವು. ಸುತ್ತೂರು ಶ್ರೀಮಠದ ಜೆ.ಎಸ್.ಎಸ್. ಸಂಸ್ಥೆ ಮೈಸೂರಿನಲ್ಲಿ ನರ್ಸಿಂಗ್ ಕಾಲೇಜನ್ನೂ ನಡೆಸುತ್ತಿದೆ. ಆದುದರಿಂದ ನಿಮ್ಮೊಡನೆ ಸ್ವಲ್ಪ ಸಲಿಗೆಯಿಂದ ಮಾತನಾಡುತ್ತೇನೆ. ನಿಮ್ಮಲ್ಲಿ ಒಬ್ಬರು ನನಗೆ ಹೇಳಿದರು: ಕಲಿಸಿದರೆ ಬಿಟ್ಟು ಹೋಗುತ್ತಾರೆ ವೈದ್ಯರೇ, ಎರಡು ವರ್ಷ ನಾವು ತಿದ್ದಿ ತೀಡಿದ್ದನ್ನು ಕೊಲ್ಲಿ ದೇಶಗಳಿಗೆ, ಬ್ರಿಟನ್ನಿಗೆ ಕೊಟ್ಟಂತಾಗುತ್ತದೆ. ಮಾತಿನಲ್ಲಿ ಸತ್ಯವಿದೆ, ಚಿಕ್ಕ ಆಸ್ಪತ್ರೆಯ ಲಾಭ ಎಷ್ಟು ತೆಳುವೆಂಬುದನ್ನೂ ಬಲ್ಲೆ. ಆದರೆ ಹೋಗುವವರು ಕಲಿಸದಿದ್ದರೂ ಹೋಗುತ್ತಾರೆ. ಹೋಗುವ ಮುನ್ನ ಆ ಎರಡು ವರ್ಷ ಅವರು ಮುಟ್ಟುವುದು ನಿಮ್ಮ ರೋಗಿಗಳನ್ನೇ. ಇನ್ನೊಬ್ಬರು, ಇದು ಸೇವೆಯಲ್ಲವೇ, ಗಂಟೆಯ ಲೆಕ್ಕ ಏಕೆ ಎಂದರು. ಸೇವೆ ಎಂಬ ಪದವನ್ನು ಸಂಬಳ ಕೊಡುವವರು ಬಳಸುವಾಗ ನನಗೆ ಅಷ್ಟು ಹಿತವೆನಿಸುವುದಿಲ್ಲ. ಶರಣರ ಕಾಯಕತತ್ತ್ವದಲ್ಲಿ ದುಡಿಮೆಗೆ ನ್ಯಾಯವಾದ ಪ್ರತಿಫಲವೂ ಸೇರಿದೆ. ಇನ್ನೊಬ್ಬರ ಕಾಯಕವನ್ನು ಅಗ್ಗಕ್ಕೆ ಕೊಳ್ಳುವುದಕ್ಕೆ ಅದು ನೆಪವಾಗಬಾರದು.

2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲಿಂಡಾ ಐಕೆನ್ ಮತ್ತು ಅವರ ಸಂಗಡಿಗರ ಅಧ್ಯಯನವೊಂದು ಪ್ರಕಟವಾಯಿತು. ಐರೋಪ್ಯ ಖಂಡದ 9 ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ನಾಲ್ಕು ಲಕ್ಷಕ್ಕೂ ಅಧಿಕ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ್ದರು. ಒಬ್ಬ ಶುಶ್ರೂಷಕಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ದಾಖಲಾದ 30 ದಿನಗಳೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು ಏರುತ್ತದೆ. ಪದವಿ ಪಡೆದ ಶುಶ್ರೂಷಕಿಯರ ಪ್ರಮಾಣ ಶೇಕಡಾ 10ರಷ್ಟು ಹೆಚ್ಚಾದರೆ ಅದು ಶೇಕಡಾ 7ರಷ್ಟು ಇಳಿಯುತ್ತದೆ ಎಂದು ಕಂಡರು. ಅದು ಪದವಿಯ ಲೆಕ್ಕ, ನಾನು ಹೇಳುತ್ತಿರುವ ಮಾಸಿಕ ಕಲಿಕೆಯ ಲೆಕ್ಕವಲ್ಲ. ಆದರೂ ಹಾಸಿಗೆಯ ಬಳಿ ನಿಂತವರ ಅರಿವಿಗೂ ರೋಗಿಯ ಆಯುಸ್ಸಿಗೂ ಸಂಬಂಧವಿದೆಯೆಂದು ತಿಳಿಯಲು ಅಷ್ಟು ಸಾಕು.

ಅವರಿಗೆ ಕಲಿಯುವ ಶಕ್ತಿಯಿಲ್ಲವೆಂಬ ಮಾತನ್ನಂತೂ 2020 ಸುಳ್ಳಾಗಿಸಿತು. ಅದು ಫ್ಲಾರೆನ್ಸ್ ನೈಟಿಂಗೇಲ್ ಜನಿಸಿ 200 ವರ್ಷವಾದ ಸಂದರ್ಭ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶುಶ್ರೂಷಕಿಯರ ವರ್ಷವೆಂದು ಮೊದಲೇ ಘೋಷಿಸಿತ್ತು. ಸಂಭ್ರಮದ ಬದಲು ಕೊರೋನಾ ಬಂತು. ರಕ್ಷಣಾ ಕವಚವನ್ನು ತೊಡುವುದಕ್ಕಿಂತ ಕಳಚುವಾಗಲೇ ಸೋಂಕಿನ ಅಪಾಯ ಹೆಚ್ಚೆಂಬುದನ್ನು, ಉಸಿರು ಸಾಲದ ರೋಗಿಯನ್ನು ಕವುಚಿ ಮಲಗಿಸುವ ಕ್ರಮವನ್ನು, ಆಮ್ಲಜನಕದ ಹರಿವನ್ನು ನಿಭಾಯಿಸುವುದನ್ನು ನಮ್ಮ ಸಾಮಾನ್ಯ ವಾರ್ಡುಗಳ ಹೆಣ್ಣುಮಕ್ಕಳು ಕೆಲವೇ ದಿನಗಳಲ್ಲಿ ಕಲಿತರು. ಕಲಿಸಬೇಕೆಂಬ ತುರ್ತು ಅಂದು ಎಲ್ಲರಿಗೂ ಇತ್ತು. ಚಪ್ಪಾಳೆ ತಟ್ಟಿದ ಮೇಲೆ ತುರ್ತು ಮುಗಿಯಿತು.

ಭಾಷೆಯ ವಿಷಯವನ್ನೂ ಇಲ್ಲಿ ಹೇಳಲೇಬೇಕು. ತರಬೇತಿ ಎಂದೊಡನೆ ಇಂಗ್ಲಿಷಿನಲ್ಲಿ ಸ್ಲೈಡುಗಳನ್ನು ಹಾಕಿ ಒಂದು ಗಂಟೆ ಓದುತ್ತಾರೆ. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ಹಿಂದಿನ ಸಾಲಿನಲ್ಲಿ ತಲೆದೂಗುತ್ತಾಳೆ. ಅರ್ಥವಾಯಿತೇ ಎಂದರೆ ಆಯಿತು ಎನ್ನುತ್ತಾಳೆ, ಆಗಲಿಲ್ಲವೆಂದರೆ ಅವಮಾನ. ಇದೇ ಊರಿನಲ್ಲಿ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದ ಶುಶ್ರೂಷಕಿಯರೂ ದುಡಿಯುತ್ತಿದ್ದಾರೆ. ಅವರಿಗೆ ಇಂಗ್ಲಿಷ್ ಬರುತ್ತದೆ, ನಮ್ಮ ಅಜ್ಜಿಯ ಮಾತು ಬರುವುದಿಲ್ಲ. ಎದೆ ಹಿಡಿದುಕೊಂಡಂತಾಗುತ್ತದೆ, ಕಣ್ಣು ಕತ್ತಲೆ ಬರುತ್ತದೆ, ಹೊಟ್ಟೆ ತೊಳಸುತ್ತದೆ, ಕೈ ಜೋಮು ಹಿಡಿದಿದೆ, ಸಂಕಟ ಎಂಬ ಮಾತುಗಳಲ್ಲಿ ಒಂದೊಂದೂ ಒಂದೊಂದು ಲಕ್ಷಣ. ಸಂಕಟ ಎಂದಾಗ ಅಜ್ಜಿ ಹೇಳುತ್ತಿರುವುದು ಮನಸ್ಸಿನ ಬೇಸರವೋ ಹೃದಯದ ನೋವೋ ಎಂದು ತಿಳಿಯಲು ಇನ್ನೆರಡು ಪ್ರಶ್ನೆ ಕೇಳಬೇಕು, ಕೇಳಲು ಭಾಷೆ ಬೇಕು. ಹೊರಗಿನಿಂದ ಬಂದವರಿಗೆ ಇಂಥ ನೂರು ಮಾತುಗಳನ್ನು ಕಲಿಸುವುದೂ, ನಮ್ಮ ಹುಡುಗಿಯರಿಗೆ ಹೊಸ ವಿಷಯವನ್ನು ಕನ್ನಡದಲ್ಲಿ ಹೇಳುವುದೂ ನನ್ನ ದೃಷ್ಟಿಯಲ್ಲಿ ನಿರಂತರ ಶಿಕ್ಷಣವೇ. ಅದಕ್ಕೆ ಅಂಕ ಕೊಡುತ್ತಾರೋ ಇಲ್ಲವೋ ಬೇರೆ ಮಾತು.

ಉಪನ್ಯಾಸಕ್ಕಿಂತ ಉತ್ತಮವಾದ ದಾರಿಯೊಂದು ನಮ್ಮ ಶಾಸ್ತ್ರದಲ್ಲಿಯೇ ಇದೆ. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ತದ್ವಿದ್ಯಸಂಭಾಷೆಯ ವಿಚಾರ ಬರುತ್ತದೆ. ಒಂದೇ ವಿದ್ಯೆಯನ್ನು ಬಲ್ಲವರು ಒಟ್ಟಿಗೆ ಕುಳಿತು ಮಾತನಾಡುವುದು. ಅದರಿಂದ ಜ್ಞಾನ ಬೆಳೆಯುತ್ತದೆ, ಹಿಂದೆ ಕೇಳಿದ್ದರಲ್ಲಿ ಉಳಿದ ಸಂಶಯ ಹೋಗುತ್ತದೆ ಎನ್ನುತ್ತದೆ ಗ್ರಂಥ. ಅದರಲ್ಲಿಯೂ ಎರಡು ಬಗೆ: ಸ್ನೇಹದಿಂದ ಕೂಡಿ ಮಾಡುವ ಸಂಧಾಯ ಸಂಭಾಷೆ, ಗೆಲ್ಲಬೇಕೆಂದು ಮಾಡುವ ವಿಗೃಹ್ಯ ಸಂಭಾಷೆ. ಆಸ್ಪತ್ರೆಯಲ್ಲಿ ತಪ್ಪಾದಾಗ ನಡೆಯುವುದು ಬಹುಪಾಲು ಎರಡನೆಯದು. ಯಾರು ಮಾಡಿದ್ದು, ಯಾರ ಪಾಳಿ, ಸಂಬಳ ಕತ್ತರಿಸಿ. ಮರುದಿನದಿಂದ ತಪ್ಪುಗಳು ನಿಲ್ಲುವುದಿಲ್ಲ, ಹೇಳುವುದು ನಿಲ್ಲುತ್ತದೆ. ಇನ್ಸುಲಿನ್ ಪ್ರಸಂಗವನ್ನು ಆ ಶುಶ್ರೂಷಕಿ ಮುಚ್ಚಿಟ್ಟಿದ್ದರೆ, ಬಾಟಲಿಯನ್ನೂ ಸಿರಿಂಜನ್ನೂ ನನ್ನ ಮುಂದೆ ತಂದಿಡದಿದ್ದರೆ, ಅದೇ ರಾತ್ರಿ ಅದೇ 50 ಯೂನಿಟ್ ಮತ್ತೆ ಒಳಗೆ ಹೋಗುತ್ತಿತ್ತು.

ಹನ್ನೆರಡನೆಯ ಶತಮಾನದ ಅನುಭವ ಮಂಟಪವನ್ನು ಈ ಕಣ್ಣಿನಿಂದಲೂ ನೋಡಬಹುದೆಂದು ನನಗನಿಸುತ್ತದೆ. ಅಲ್ಲಮಪ್ರಭುಗಳ ಅಧ್ಯಕ್ಷತೆಯಲ್ಲಿ ದೋಣಿ ನಡೆಸುವ ಚೌಡಯ್ಯನವರು, ಮಡಿ ಮಾಡುವ ಮಾಚಯ್ಯನವರು ಕಾಯಕವನ್ನು ಬಿಟ್ಟು ಬಂದು ಕುಳಿತವರಲ್ಲ. ಕಾಯಕದ ಅರಿವನ್ನೇ ಹಿಡಿದು ಬಂದು ಮಾತನಾಡಿದವರು. ವೈದ್ಯ ಸಂಗಣ್ಣನವರು ತಮ್ಮ ವೈದ್ಯಕಾಯಕದ ಪರಿಭಾಷೆಯಲ್ಲಿಯೇ ವಚನ ರಚಿಸಿದರು. ದುಡಿಯುವ ಕೈಗೆ ಮಾತಿನ ಸ್ಥಾನ ಕೊಟ್ಟ ಪರಂಪರೆ ನಮ್ಮದು. ಹೀಗಿದ್ದೂ ಇಂದು ವೈದ್ಯರು ರೋಗಿಯ ಹಾಸಿಗೆಯ ಬಳಿ ಚರ್ಚಿಸುವಾಗ ಶುಶ್ರೂಷಕಿ ತಟ್ಟೆ ಹಿಡಿದು ಹಿಂದೆ ನಿಲ್ಲುತ್ತಾಳೆ. ರಾತ್ರಿಯಿಡೀ ಆ ರೋಗಿಯನ್ನು ಕಂಡವಳು ಅವಳೊಬ್ಬಳೇ.

ಆಗಬೇಕಾದುದು ದೊಡ್ಡದೇನಲ್ಲ. ಮಧ್ಯಾಹ್ನ ಪಾಳಿ ಬದಲಾಗುವಾಗ ಹೋಗುವವರೂ ಬರುವವರೂ ಒಟ್ಟಿಗೆ ಇರುತ್ತಾರೆ. ವಾರಕ್ಕೆ ಒಂದು ದಿನ ಆ ಹೊತ್ತಿಗೆ ಅರ್ಧ ಗಂಟೆ ಸೇರಿಸಿದರೆ ತಿಂಗಳಿಗೆ ಎರಡು ಗಂಟೆಯಾಗುತ್ತದೆ. ಒಂದು ವಾರ ದಿಂಬಿನ ಮೇಲೆ ಎದೆ ಒತ್ತುವ ಅಭ್ಯಾಸ, ಇನ್ನೊಂದು ವಾರ ಎರಡು ಬಗೆಯ ಇನ್ಸುಲಿನ್ ಸಿರಿಂಜುಗಳು, ಮತ್ತೊಂದು ವಾರ ಕಳೆದ ದಿನಗಳಲ್ಲಿ ತಪ್ಪಿಹೋದ ಒಂದು ಅಪಾಯದ ಕಥೆ. ಉಳಿದ ಗಂಟೆಗಳಿಗೆ, ಪರಿಷತ್ತು ಮಾನ್ಯ ಮಾಡುವ ತರಬೇತಿಗೆ, ಸಂಬಳ ಸಹಿತ ರಜೆ ಕೊಟ್ಟು ಶುಲ್ಕವನ್ನು ಸಂಸ್ಥೆಯೇ ಕಟ್ಟಲಿ. ನಾಲ್ಕೈದು ಚಿಕ್ಕ ಆಸ್ಪತ್ರೆಗಳು ಸೇರಿ ಒಬ್ಬ ಅನುಭವಿ ಬೋಧಕಿಯನ್ನು ತಿಂಗಳಿಗೊಮ್ಮೆ ಕರೆಸಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಮೊಬೈಲಿನಲ್ಲಿ ಪಾಠಗಳಿವೆಯಲ್ಲ ಎನ್ನುವವರಿದ್ದಾರೆ. ಇವೆ, ಕೆಲವು ಚೆನ್ನಾಗಿಯೂ ಇವೆ. ಆದರೆ ರಾತ್ರಿ ಪಾಳಿ ಮುಗಿಸಿ ಹಾಸ್ಟೆಲಿನಲ್ಲಿ ಅರೆನಿದ್ದೆಯಲ್ಲಿ ಕಂಡ ಚಿತ್ರದಿಂದ ದಾಕ್ಷ್ಯ ಬರುವುದಿಲ್ಲ. ಕೈಯ ವಿದ್ಯೆ ಕೈಗೇ ಬರಬೇಕು.

ಗಂಗಾನಗರದಂಥ ಹಳೆಯ ಬಡಾವಣೆಯಲ್ಲಿ ಮಕ್ಕಳು ಪರದೇಶದಲ್ಲಿರುವ, ಹಿರಿಯರಿಬ್ಬರೇ ಉಳಿದಿರುವ ಮನೆಗಳು ಹೆಚ್ಚುತ್ತಿವೆ. ಏಜೆನ್ಸಿಗಳ ಮೂಲಕ ಬರುವ ಗೃಹ ಶುಶ್ರೂಷಕಿಯರಲ್ಲಿ ಕೆಲವರು ಓದಿದವರು, ಕೆಲವರು ಅಲ್ಪಸ್ವಲ್ಪ ತರಬೇತಿ ಪಡೆದ ಸಹಾಯಕಿಯರು. ಎಲ್ಲರಿಗೂ ನಾವು ಸಿಸ್ಟರ್ ಎಂದೇ ಕರೆಯುತ್ತೇವೆ. ನೋಂದಣಿ ಇದೆಯೇ, ಯಾವ ವರ್ಷ ನವೀಕರಣವಾಗಿದೆ ಎಂದು ಕೇಳುವುದು ಅವಮಾನವಲ್ಲ. ಚಿನ್ನದ ಬಳೆಯ ಶುದ್ಧತೆಯನ್ನು ಕೇಳುವಾಗ ನಮಗೆ ಸಂಕೋಚವಾಗುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಬರುವ ದಿನ ಶುಶ್ರೂಷಕಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ಬದಲಾದ ಔಷಧಗಳನ್ನು ಅಲ್ಲಿಯವರಿಂದಲೇ ಅವಳಿಗೆ ಹೇಳಿಸಿ. ತಿಂಗಳಿಗೊಂದು ಅರ್ಧ ದಿನ ಕಲಿಕೆಗೆ ಹೋಗಿ ಬರುತ್ತೇನೆಂದರೆ ಸಂಬಳ ಹಿಡಿಯಬೇಡಿ. ಆ ಅರ್ಧ ದಿನ ಮಗನೋ ಮೊಮ್ಮಗಳೋ ಪಕ್ಕದ ಮನೆಯವರೋ ಅಜ್ಜನ ಬಳಿ ಕುಳಿತರೆ ಅವರಿಗೂ ಆರೈಕೆಯ ಭಾರ ಎಷ್ಟೆಂದು ತಿಳಿಯುತ್ತದೆ.

ಆ ಹಿರಿಯರ ಮನೆಯಲ್ಲಿ ಅದೇ ಶುಶ್ರೂಷಕಿ ಇಂದಿಗೂ ಇದ್ದಾರೆ. ಏಜೆನ್ಸಿಯವರು ಬೇರೆಯವರನ್ನು ಕಳಿಸುತ್ತೇವೆಂದಾಗ ಹಿರಿಯರೇ ಬೇಡವೆಂದರು. ಎರಡು ತಿಂಗಳಿಂದ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ನನ್ನ ಚಿಕಿತ್ಸಾಲಯದ ಹಿಂದಿನ ಕೋಣೆಯಲ್ಲಿ ಆರೇಳು ಜನ ಸೇರುತ್ತಾರೆ. ಅವರಲ್ಲಿ ಒಬ್ಬ ತರುಣನೂ ಇದ್ದಾನೆ. ಮೊದಲ ದಿನ ಪಾಠ ಮಾಡಿದವರು ಅವರೇ, ಎರಡು ಬಾಟಲಿ, ಎರಡು ಸಿರಿಂಜು ಮೇಜಿನ ಮೇಲಿಟ್ಟುಕೊಂಡು. ಕಳೆದ ವಾರ ಮೂತ್ರನಾಳದ ಕೊಳವೆಯ ಚೀಲವನ್ನು ಹಾಸಿಗೆಗಿಂತ ಕೆಳಗೇ ಏಕೆ ತೂಗುಹಾಕಬೇಕೆಂಬ ಚರ್ಚೆ ನಡೆಯಿತು. ನನಗೂ ಒಂದೆರಡು ವಿಷಯ ಹೊಸದಾಗಿತ್ತು. ಸುತ್ತಲಿನ ಭಕ್ತರು ತಮ್ಮ ಮನೆಯ ಅಥವಾ ಆಸ್ಪತ್ರೆಯ ಶುಶ್ರೂಷಕರನ್ನು ಕಳಿಸಬಹುದು. ಶುಲ್ಕವಿಲ್ಲ. ಬರುವಾಗ ತಮ್ಮ ಕೈಯಲ್ಲಿ ತಪ್ಪಿದ, ಅಥವಾ ತಪ್ಪಲಿದ್ದು ಉಳಿದ, ಒಂದು ಸಂಗತಿಯನ್ನು ಹೇಳಲು ಸಿದ್ಧರಾಗಿ ಬರಬೇಕು. ಆ ಹೊತ್ತಿನ ಸಂಬಳವನ್ನು ಕಳಿಸಿದವರು ಹಿಡಿಯಬಾರದು.